ಪೋಟಗಿಯ ಹುಕುಂ ಮತ್ತು ಬದಲಾದ ಪರಿಸ್ಥಿತಿ

ಮಿತಾಕ್ಷರ ಬರೆದ ವಿಜ್ಞಾನೇಶ್ವರ ನಮ್ಮ ಕಡೆಯವನು. ಶಹಾಬಾದಿನ ಹತ್ತಿರದ ಮರತೂರಿನವನೆಂದು ವಿದ್ವಾಂಸರು ಗುರುತಿಸಿದ್ದಾರೆ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ, ಸುಮಾರು ಒಂಬತ್ತು ನೂರು ವರ್ಷದ ಹಿಂದೆ, ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ವ್ಯಾಖ್ಯಾನ ಬಂಗಾಳ ಬಿಟ್ಟರೆ ಹೆಚ್ಚುಕಡಿಮೆ ಇಡೀ ದೇಶದ ಹಿಂದೂ ಮನೆತನಗಳ ಆಸ್ತಿಪಾಸ್ತಿಯನ್ನು ಆಳಿತು. ಬ್ರಿಟಿಷರ ಕೋರ್ಟುಗಳೂ ಅದನ್ನೇ ಹಿಡಿದು ನಡೆದವು. ನಮ್ಮ ಜಿಲ್ಲೆಯವರು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಹೇಳಿಕೊಳ್ಳಲಿ. ಆದರೆ ಆ ಸ್ಮೃತಿಯೊಳಗೆ ಗಂಡ ಬಿಟ್ಟ ಹೆಂಡತಿಯ ಬಗ್ಗೆ ಒಂದು ನಿಯಮವಿದೆ. ಹೇಳಿದ ಮಾತು ಕೇಳುವ, ಕೆಲಸದಲ್ಲಿ ಚುರುಕಾದ, ಗಂಡುಮಕ್ಕಳನ್ನು ಹೆತ್ತ, ಸಿಹಿಯಾಗಿ ಮಾತಾಡುವ ಹೆಂಡತಿಯನ್ನು ಗಂಡ ಬಿಟ್ಟರೆ ರಾಜ ಅವನಿಂದ ಆಸ್ತಿಯ ಮೂರನೇ ಒಂದು ಪಾಲು ಕೊಡಿಸಬೇಕು. ಆಸ್ತಿ ಇಲ್ಲದವನಾದರೆ ಅನ್ನಬಟ್ಟೆ ಕೊಡಿಸಬೇಕು.

ಹೆಣ್ಣುಮಕ್ಕಳನ್ನೇ ಹೆತ್ತವಳ ಗತಿ? ಎದುರು ಮಾತಾಡಿದವಳ ಗತಿ? ದಿನಪೂರ್ತಿ ಖಣಿಯಲ್ಲಿ ಫರಸಿ ಕಲ್ಲು ಹೊತ್ತವಳ ಬಾಯಲ್ಲಿ ಸಂಜಿಗೆ ಸಿಹಿಮಾತು ಎಲ್ಲಿಂದ ಬರಬೇಕು? ಆ ಗ್ರಂಥ ನಮ್ಮ ಕೇರಿಯನ್ನು ಕಣ್ಣಮುಂದಿಟ್ಟುಕೊಂಡು ಬರೆದದ್ದಲ್ಲ ಅನ್ನೋದು ಗೊತ್ತಿದ್ದದ್ದೇ. ಆದರೆ ಹೊಟ್ಟೆಗೆ ಹಾಕುವ ಮೊದಲು ನಡತೆ ಅಳೆಯುವ ಆ ಬುದ್ಧಿ ಇವತ್ತಿನ ಕಾನೂನಿನವರೆಗೂ ನಡೆದುಬಂದಿದೆ.

ಕೋರ್ಟಿನ ಕನ್ನಡದಲ್ಲಿ ಇದಕ್ಕೆ ಜೀವನಾಂಶ ಅನ್ನುತ್ತಾರೆ. ನಮ್ಮ ಹೆಂಗಸರ ಬಾಯಲ್ಲಿ ಅದು ಪೋಟಗಿ. ಮರಾಠಿಯಿಂದ ಬಂದ ಮಾತು, ಪೋಟ ಅಂದರೆ ಹೊಟ್ಟೆ. ನನಗೆ ಈ ಮಾತೇ ಸರಿ ಕಾಣುತ್ತದೆ. ಜೀವನದಲ್ಲಿ ಅಂಶ ಕೇಳಿಕೊಂಡು ಯಾರೂ ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ, ಹೊಟ್ಟೆಗೆ ಕೇಳಿಕೊಂಡು ಹತ್ತಿದರು.

ಪೋಟಗಿ ಸಿಗುವುದರ ಬಗ್ಗೆ ಬರೆದವರು ಬಹಳ ಮಂದಿ ಇದ್ದಾರೆ. ಸಿಕ್ಕ ಮೇಲೆ ಏನಾಗುತ್ತದೆ ಅನ್ನೋದು ನನ್ನ ವಿಷಯ. ಹುಕುಂ ಆದ ದಿನ ಮೊತ್ತ ನಿಂತುಬಿಡುತ್ತದೆ, ಜೋಳದ ದರ ನಿಲ್ಲೋದಿಲ್ಲ. ಆ ಮೊತ್ತವನ್ನು ಬದಲಾಯಿಸಿಕೊಳ್ಳುವ ದಾರಿ ಕಾನೂನಿನಲ್ಲಿ ನೂರು ವರ್ಷಕ್ಕೂ ಮಿಗಿಲಾಗಿ ಇದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಈ ಐದು ಕಡೆ ತಿರುಗಾಡಿದವಳು ನಾನು. ಆ ದಾರಿ ಹಿಡಿದ ನಮ್ಮ ಹೆಂಗಸರನ್ನು ನಾನು ಕಂಡದ್ದು ಬಹಳ ಕಡಿಮೆ. ಹಿಡಿದ ಗಂಡಸರನ್ನು ಕಂಡಿದ್ದೇನೆ.

ನಮ್ಮ ಆಯಿಯ ತಂಗಿಯನ್ನು ನಾವು ಸಣ್ಣಾಯಿ ಅಂತಿದ್ದೆವು. ಅವಳು 2016ರಲ್ಲಿ ತೀರಿಕೊಂಡಾಗ ತಗಡಿನ ಪೆಟ್ಟಿಗೆ ತೆಗೆದರು. ಮನೆಯಲ್ಲಿ ಮೊದಲು ಕಾಲೇಜು ಕಂಡವಳು ನಾನು, ಹಂಗಾಗಿ ಕಾಗದ ಓದುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಹುಕುಮಿನ ನಕಲು ಇತ್ತು, 1982ರದ್ದು. ತಿಂಗಳಿಗೆ 75 ರೂಪಾಯಿ. ಕನ್ನಡವನ್ನೂ ಓದಲಾರದ ಹೆಂಗಸಿಗೆ ಇಂಗ್ಲಿಷಿನಲ್ಲಿ ಬರೆದ ಹುಕುಂ. ಅದರ ಕೆಳಗೆ ಒಂದು ಕಟ್ಟು ಮನಿಯಾರ್ಡರಿನ ತುಂಡುಗಳು, ದಾರ ಕಟ್ಟಿ ಇಟ್ಟಿದ್ದಳು. ಮೊದಲನೆಯದರಲ್ಲೂ 75, ಕೊನೆಯದರಲ್ಲೂ 75. ಹುಕುಂ ಆದಾಗ ಅವಳ ಗಂಡ ಖಣಿಯಲ್ಲಿ ಕಲ್ಲು ಒಡೆಯುವ ಕೂಲಿ. ಮೂರು ನಾಲ್ಕು ವರ್ಷಕ್ಕೆ ಒಂದು ಕಾರ್ಖಾನೆಯಲ್ಲಿ ಪರ್ಮನೆಂಟ್ ಆದ. ಕ್ವಾರ್ಟರ್ಸು ಬಂತು, ಬೋನಸ್ಸು ಬಂತು, ಓವರ್‌ಟೈಮು ಬಂತು. ಸಣ್ಣಾಯಿಗೆ ಬಂದದ್ದು ಅದೇ 75. ಒಬ್ಬ ವಕೀಲರ ಹತ್ತಿರ ಒಂದು ಸಲ ಹೋಗಿದ್ದಳಂತೆ. "ಹುಕುಂ ಆಗ್ಯಾದಲ್ಲ, ಇನ್ನೇನ್ ಬೇಕು ನಿನಗ" ಅಂದು ಕಳಿಸಿದರಂತೆ. ನಾನು ಸಣ್ಣವಳಿದ್ದಾಗ ಅವಳೇ ಹೇಳಿದ್ದು: "ಸರಕಾರದವರು ಬರದದ್ದು ಅದ ಯವ್ವಾ. ಅದನ್ಯಾರು ತಿದ್ದತಾರ?"

ತಿದ್ದಬಹುದಿತ್ತು. ಆ ಮಾತು ಅದೇ ಕಾನೂನಿನಲ್ಲಿ, ಎರಡು ಕಲಂ ಮುಂದಕ್ಕೆ, ಬರೆದಿಟ್ಟಿತ್ತು.

ಇದರ ಹುಟ್ಟು ನೋಡಬೇಕು. ಬಿಟ್ಟ ಹೆಂಡತಿ ಮಕ್ಕಳಿಗೆ ಮ್ಯಾಜಿಸ್ಟ್ರೇಟರು ತಿಂಗಳ ಮೊತ್ತ ಕೊಡಿಸುವ ಕಲಂ ಬ್ರಿಟಿಷರ 1861ರ ಕ್ರಿಮಿನಲ್ ಪ್ರೊಸೀಜರ್ ಕೋಡಿನಲ್ಲೇ ಬಂತು. 1872ರ ಕೋಡ್ ರೂಪಿಸಿದ ಸ್ಟೀಫನ್ ಇದರ ಉದ್ದೇಶವನ್ನು ಮುಚ್ಚಿಡಲಿಲ್ಲ. ದಿಕ್ಕಿಲ್ಲದೆ ಬೀದಿ ಅಲೆಯುವವರು ಹೆಚ್ಚಾಗದಂತೆ ತಡೆಯುವ ಉಪಾಯ ಇದು ಅಂದ. ಹೆಣ್ಣಿನ ಹಕ್ಕು ಅನ್ನುವ ಮಾತು ಅಲ್ಲಿಲ್ಲ. ಅದಕ್ಕೇ ಇದು ಸಿವಿಲ್ ಕಾನೂನಿನಲ್ಲಿ ಕೂರದೆ ಪೊಲೀಸು, ವಾರಂಟು, ಜೈಲಿನ ಕಾನೂನಿನಲ್ಲಿ ಕೂತಿತು. 1898ರ ಕೋಡಿನಲ್ಲಿ ಅದು 488ನೇ ಕಲಂ. ಮೇಲಿನ ಮಿತಿ ತಿಂಗಳಿಗೆ 50 ರೂಪಾಯಿ. ಅದರ ಬೆನ್ನಿಗೇ 489ನೇ ಕಲಂ: ಪರಿಸ್ಥಿತಿ ಬದಲಾದದ್ದನ್ನು ರುಜುವಾತು ಮಾಡಿದರೆ ಮ್ಯಾಜಿಸ್ಟ್ರೇಟರು ಮೊತ್ತವನ್ನು ಬದಲಾಯಿಸಬಹುದು, ಆದರೆ ಮಿತಿ ದಾಟುವಂತಿಲ್ಲ. 1923ರಲ್ಲಿ ಮಿತಿ 100 ಆಯಿತು, 1955ರಲ್ಲಿ 500.

ನಮ್ಮ ಸೀಮೆಗೆ ಇದು ತಡವಾಗಿ ಬಂತು. 1948ರ ಸೆಪ್ಟೆಂಬರಿನವರೆಗೆ ನಾವು ನಿಜಾಮನ ಹೈದರಾಬಾದಿನವರು. ಎಷ್ಟೋ ಹಳ್ಳಿಗಳು ಜಾಗೀರು, ಪಾಯಗಾಗಳಲ್ಲಿದ್ದವು. ಕೋರ್ಟಿನ ಭಾಷೆ ಉರ್ದು. ಪೇಶಿ, ಹಾಜರಿ, ನಕಲು, ವಕಾಲತ್ತು ಇವೆಲ್ಲ ಆ ಕಾಲದಿಂದ ನಮ್ಮ ಬಾಯಲ್ಲಿ ಉಳಿದ ಮಾತು. ಮಾತು ಉಳಿಯಿತು, ಅದರಿಂದ ನಮ್ಮ ಕೇರಿಯ ಹೆಂಗಸಿಗೆ ನ್ಯಾಯ ದಕ್ಕಿತು ಅಂತ ಹೇಳೋ ಧೈರ್ಯ ನನಗಿಲ್ಲ. 1898ರ ಕೋಡು ಹೈದರಾಬಾದ್ ರಾಜ್ಯಕ್ಕೆ ಅನ್ವಯವಾದದ್ದು 1951ರ ಏಪ್ರಿಲ್ 1ರಿಂದ. ಐದು ವರ್ಷ ಕಳೆದು 1956ರ ನವೆಂಬರಿನಲ್ಲಿ ಗುಲಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು.

ಆದರೆ 488ನೇ ಕಲಮಿನಲ್ಲಿ ದೊಡ್ಡದೊಂದು ತೂತು ಇತ್ತು. ಅದು ಹೆಂಡತಿಗೆ ಮಾತ್ರ. ಗಂಡ ವಿಚ್ಛೇದನ ಕೊಟ್ಟುಬಿಟ್ಟರೆ ಹೆಂಡತಿಯೇ ಅಲ್ಲ, ಹುಕುಮೂ ಸತ್ತುಹೋಯಿತು. 1973ರ ಹೊಸ ಕೋಡು, ಅಂದರೆ 1974ರ ಏಪ್ರಿಲ್ 1ರಿಂದ ಜಾರಿಗೆ ಬಂದದ್ದು, ಈ ತೂತು ಮುಚ್ಚಿತು. 125ನೇ ಕಲಮಿನಲ್ಲಿ ಹೆಂಡತಿ ಅಂದರೆ ವಿಚ್ಛೇದನವಾಗಿ ಮರುಮದುವೆಯಾಗದ ಹೆಂಗಸೂ ಸೇರಿದಳು. ಹಳೆಯ 489 ಈಗ 127 ಆಯಿತು. ಆದರೆ ಒಂದು ತೂತು ಮುಚ್ಚಿದವರು ಆ 127ರ ಮೂರನೆಯ ಉಪಕಲಮಿನಲ್ಲಿ ಮೂರು ಹೊಸ ಕಿಂಡಿ ಬಿಟ್ಟರು. ವಿಚ್ಛೇದಿತೆ ಮರುಮದುವೆಯಾದರೆ ಹುಕುಂ ರದ್ದು. ರೂಢಿಯ ಪ್ರಕಾರ ಕೊಡಬೇಕಾದ ಇಡೀ ಮೊತ್ತ ಅವಳಿಗೆ ಮುಟ್ಟಿದ್ದರೆ ರದ್ದು. ವಿಚ್ಛೇದನದ ನಂತರ ತಾನಾಗಿಯೇ ಹಕ್ಕು ಬಿಟ್ಟುಕೊಟ್ಟಿದ್ದರೆ ರದ್ದು.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಕೇರಿಗಳ ಕತೆ ಇರೋದು ಈ ಕಿಂಡಿಗಳಲ್ಲಿ.

ಹಿಂದೂ ಕೋಡ್ ಬಿಲ್ಲಿನ ಚರ್ಚೆಯಲ್ಲಿ ವಿಚ್ಛೇದನ ಅಂದರೆ ಧರ್ಮ ಮುಳುಗಿತು ಅಂತ ಕೂಗಾಡಿದವರಿಗೆ ಬಾಬಾಸಾಹೇಬರು ಕೊಟ್ಟ ಉತ್ತರ ನೆನಪಿಡಬೇಕು. ಶೂದ್ರರೆನಿಸಿಕೊಂಡ ಬಹುಸಂಖ್ಯಾತರಲ್ಲಿ ವಿಚ್ಛೇದನ ರೂಢಿಯಲ್ಲೇ ಇದೆ, ಇದು ಹೊಸದಲ್ಲ ಅನ್ನೋದು ಅವರ ವಾದ. ಆ ಬಿಲ್ಲು ನಿಂತುಹೋದದ್ದು ದೊಡ್ಡ ಕಾರಣವಾಗಿ ಅವರು 1951ರ ಸೆಪ್ಟೆಂಬರಿನಲ್ಲಿ ಮಂತ್ರಿಪದವಿ ಬಿಟ್ಟರು. ಮುಂದೆ ಅದು ತುಂಡುತುಂಡಾಗಿ ಪಾಸಾಯಿತು. 1955ರ ಹಿಂದೂ ವಿವಾಹ ಕಾಯ್ದೆಯ 29ನೇ ಕಲಂ ರೂಢಿಯ ವಿಚ್ಛೇದನವನ್ನು ಹಾಗೇ ಉಳಿಸಿತು.

ನಮ್ಮಲ್ಲಿ ಆ ರೂಢಿಯ ಹೆಸರು ಸೋಡಚೀಟಿ. ಪಂಚರು ಕೂಡುತ್ತಾರೆ. ಪಂಚರೆಲ್ಲ ಗಂಡಸರು. ಒಂದು ಕಾಗದ ಬರೆಯುತ್ತಾರೆ: ಇನ್ನು ಇವನಿಗೂ ಇವಳಿಗೂ ಸಂಬಂಧ ಇಲ್ಲ, ಮದುವೆಯ ಖರ್ಚು ಇಷ್ಟು ಮುಟ್ಟಿದೆ, ಮುಂದೆ ಯಾವ ಹಕ್ಕೂ ಕೇಳೋದಿಲ್ಲ. ಹೆಬ್ಬೆಟ್ಟು ಒತ್ತಿಸುತ್ತಾರೆ. ಈ ಕಾಗದ ಹಿಡಿದುಕೊಂಡು ಗಂಡ ಕೋರ್ಟಿಗೆ ಬಂದು, ನೋಡ್ರಿ ಸಾಹೇಬ್ರ, ಇಡೀ ಮೊತ್ತ ಕೊಟ್ಟೀನಿ, ಹಕ್ಕೂ ಬಿಟ್ಟುಕೊಟ್ಟಾಳ ಅನ್ನುತ್ತಾನೆ. ಕೇಳಿದ ಹೆಂಗಸು ತಲೆ ತಗ್ಗಿಸಿ ಮನೆಗೆ ಹೋಗುತ್ತಾಳೆ. ಹೋಗಬೇಕಾಗಿಲ್ಲ. ಕಲಮಿನಲ್ಲಿ ಎರಡು ಮಾತಿವೆ, "ವಿಚ್ಛೇದನದ ನಂತರ" ಮತ್ತು "ತಾನಾಗಿಯೇ". ಪಂಚರ ನಡುವೆ ಕೂರಿಸಿ, ಬಿಡುಗಡೆಯ ಕಾಗದದಲ್ಲೇ ಒತ್ತಿಸಿಕೊಂಡ ಹೆಬ್ಬೆಟ್ಟು ಇವೆರಡರಲ್ಲಿ ಯಾವುದು? ಇನ್ನು ಮೊತ್ತದ ಮಾತು. 1979ರ ಬಾಯಿ ತಾಹಿರಾ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಸ್ಪಷ್ಟವಾಗಿ ಹೇಳಿದ್ದಾರೆ: ಪೋಟಗಿಗೆ ಸರಿಸಮನಾಗಿ ನಿಲ್ಲುವಷ್ಟು ದುಡ್ಡು ಮುಟ್ಟಿದ್ದರೆ ಮಾತ್ರ ಲೆಕ್ಕ, ನೆಪಕ್ಕೆ ಕೊಟ್ಟ ಪುಡಿಗಾಸು ಲೆಕ್ಕಕ್ಕಿಲ್ಲ. ಕರ್ನಾಟಕದಿಂದಲೇ ಹೋದ ವನಮಾಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1995ರಲ್ಲಿ, ಇಬ್ಬರೂ ಒಪ್ಪಿ ಕೋರ್ಟಿನಲ್ಲಿ ವಿಚ್ಛೇದನ ಪಡೆದರೂ ಹೆಂಗಸಿನ ಹಕ್ಕು ಹೋಗೋದಿಲ್ಲ ಅಂತ ತೀರ್ಮಾನಿಸಿತು.

ಇದಕ್ಕಿಂತ ದೊಡ್ಡ ಬಲೆ ಉಡಿಕೆಯದು. ಸೋಡಚೀಟಿ ಆದ ಮೇಲೆ ಹೆಂಗಸು ಉಡಿಕೆಯಾಗಿ ಇನ್ನೊಬ್ಬನ ಮನೆಗೆ ಹೋಗುತ್ತಾಳೆ. ಊರು ಒಪ್ಪುತ್ತದೆ. ಆದರೆ ಕೋರ್ಟಿನಲ್ಲಿ ಆ ರೂಢಿಯನ್ನು ರುಜುವಾತು ಮಾಡಬೇಕು. ಆಗಲಿಲ್ಲವೋ, ಮೊದಲ ಮದುವೆ ಇನ್ನೂ ಇದೆ ಅಂತಾಯಿತು. ಮೊದಲನೆಯವನು ಅವಳು ಕೆಟ್ಟುಹೋದಳು ಅಂತ ಪೋಟಗಿ ಕಡಿಸುತ್ತಾನೆ. ಎರಡನೆಯವನು ಇದು ಮದುವೆಯೇ ಅಲ್ಲ ಅನ್ನುತ್ತಾನೆ. 1988ರ ಯಮುನಾಬಾಯಿ ತೀರ್ಪು, 2005ರ ಸವಿತಾಬೆನ್ ತೀರ್ಪು, ಎರಡೂ ಅಸಿಂಧು ಮದುವೆಯ ಹೆಂಗಸು 125ರ ಕೆಳಗೆ ಹೆಂಡತಿಯಲ್ಲ ಅಂದವು. ಮೇಲ್ಜಾತಿಯ ಮದುವೆಯ ಅಳತೆಗೋಲನ್ನು ನಮ್ಮ ಉಡಿಕೆಗೆ ಹಿಡಿದರೆ ಉದ್ದ ಕಡಿಮೆ ಬೀಳದೆ ಇನ್ನೇನಾದೀತು? 2025ರ ಜನವರಿ 30ರಂದು ಸುಪ್ರೀಂ ಕೋರ್ಟು ಸ್ವಲ್ಪ ತಿರುಗಿತು. ತೆಲಂಗಾಣದ ಒಂದು ಪ್ರಕರಣ. ಮೊದಲ ಗಂಡನಿಂದ ಕೋರ್ಟಿನ ಡಿಕ್ರಿ ಇಲ್ಲದೆ ಬರೀ ಒಪ್ಪಂದದ ಕಾಗದದ ಮೇಲೆ ಬೇರೆಯಾಗಿದ್ದ ಹೆಂಗಸಿಗೆ, ಅದು ಗೊತ್ತಿದ್ದೂ ಮದುವೆಯಾದ ಎರಡನೆಯ ಗಂಡ ಜೀವನಾಂಶ ಕೊಡಬೇಕು ಅಂತ ತೀರ್ಪಾಯಿತು. ಸೋಡಚೀಟಿಯ ಸೀಮೆಯಲ್ಲಿ ಈ ತೀರ್ಪನ್ನು ಮನೆಮನೆಗೆ ಓದಿ ಹೇಳಬೇಕು.

ಗೆಳೆಯರೆ, ಕೋಪ ಮಾಡಿಕೊಳ್ಳಬೇಡಿ. ಗೌಡನ ಕಟ್ಟೆಯಲ್ಲಿ ನಮಗೆ ನ್ಯಾಯ ಇಲ್ಲ ಅಂತ ಹೋರಾಡಿದವರು ನಾವು. ಭೂಮಿಗೆ, ಬಾವಿಗೆ, ಸ್ಮಶಾನಕ್ಕೆ ಮೆರವಣಿಗೆ ಹೋದೆವು. ನಮ್ಮದೇ ಕೇರಿಯ ಕಟ್ಟೆಯ ಮೇಲೆ ನಮ್ಮದೇ ಕಾಕಾ, ಮಾವಂದಿರು ಕೂತು ನಮ್ಮ ಅಕ್ಕನ ಹೆಬ್ಬೆಟ್ಟು ಒತ್ತಿಸಿಕೊಂಡಾಗ ಯಾವ ಮೆರವಣಿಗೆ ಹೊರಟಿತು?

ಹಿಂದೂ ವಿವಾಹ ಕಾಯ್ದೆಯಲ್ಲಿ ಡಿಕ್ರಿ ಪಡೆದವರಿಗೆ ಇನ್ನೊಂದು ದಾರಿ, 25ನೇ ಕಲಂ. ಅದರ ಎರಡನೆಯ ಭಾಗದಲ್ಲಿ ಯಾರದೇ ಪರಿಸ್ಥಿತಿ ಬದಲಾದರೆ ಮೊತ್ತ ಏರಿಸಬಹುದು, ಇಳಿಸಬಹುದು, ತೆಗೆಯಬಹುದು. ಮೂರನೆಯ ಭಾಗದಲ್ಲಿ ಮತ್ತೆ ಹಳೆಯ ಬುದ್ಧಿ. ಪೋಟಗಿ ಪಡೆಯುವ ಹೆಂಗಸು ಶೀಲವತಿಯಾಗಿ ಉಳಿಯದಿದ್ದರೆ ಹುಕುಂ ಅಲುಗಾಡುತ್ತದೆ. ಕೊಡುವ ಗಂಡಸು ಹೇಗಿದ್ದರೂ ನಡೆಯುತ್ತದೆ. ಖಣಿಯ ಮಗ್ಗುಲಿನ ಗುಡಿಸಲಲ್ಲಿ ಹತ್ತು ಮಂದಿ ಕೂಲಿಗಳ ಜೊತೆ ಮಲಗುವವಳ ಮೇಲೆ, ಸುಗ್ಗಿ ಮುಗಿದ ಮೇಲೆ ಪುಣೆಗೋ ಹೈದರಾಬಾದಿಗೋ ದುಡಿಯಲು ಹೋದವಳ ಮೇಲೆ ಈ ಆರೋಪ ಹೊರಿಸುವುದು ಎಷ್ಟು ಸುಲಭ! ಮರತೂರಿನ ಪಂಡಿತನ ಸಿಹಿಮಾತಿನ ಷರತ್ತು ವೇಷ ಬದಲಿಸಿಕೊಂಡು ಬಂದು ಕೂತಿದೆ.

ಮತ್ತೆ 500ಕ್ಕೆ ಬರೋಣ. 1955ರಲ್ಲಿ ಹಾಕಿದ ಮಿತಿಯನ್ನು 1973ರಲ್ಲೂ ಹಾಗೇ ಬರೆದುಕೊಂಡರು. ಆ 500 ಹೆಂಡತಿ ಮಕ್ಕಳು ಎಲ್ಲರಿಗೂ ಸೇರಿಯೋ, ತಲೆಗೋ ಅನ್ನೋ ಜಗಳವೇ ಸುಪ್ರೀಂ ಕೋರ್ಟಿಗೆ ಹೋಗಿ, ತಲೆಗೆ ಅಂತ 1978ರಲ್ಲಿ ತೀರ್ಮಾನವಾಯಿತು. 1985ರಲ್ಲಿ ಇಡೀ ದೇಶ ಅಲ್ಲೋಲಕಲ್ಲೋಲವಾದ ಶಾಬಾನು ಪ್ರಕರಣದಲ್ಲಿ ಇದ್ದ ಮೊತ್ತ ಎಷ್ಟು ಅಂತ ಕೇಳಿ ನೋಡಿ, ಹೇಳುವವರು ಕಡಿಮೆ. ಮ್ಯಾಜಿಸ್ಟ್ರೇಟರು ಕೊಟ್ಟದ್ದು ತಿಂಗಳಿಗೆ 25 ರೂಪಾಯಿ, ಹೈಕೋರ್ಟು ಏರಿಸಿದ್ದು 179 ರೂಪಾಯಿ 20 ಪೈಸೆಗೆ. ಅಷ್ಟಕ್ಕೆ ಪಾರ್ಲಿಮೆಂಟು 1986ರಲ್ಲಿ ಬೇರೆ ಕಾಯ್ದೆ ಮಾಡಿತು. ಮುಸ್ಲಿಂ ಅಕ್ಕತಂಗಿಯರು 125ರ ಕೆಳಗೂ ಬರಬಹುದು ಅಂತ ಸುಪ್ರೀಂ ಕೋರ್ಟು ನಿಚ್ಚಳವಾಗಿ ಹೇಳಿದ್ದು 2024ರ ಜುಲೈಯಲ್ಲಿ.

ಕೊನೆಗೆ 2001ರ ಸೆಪ್ಟೆಂಬರಿನಲ್ಲಿ ಮಿತಿಯೇ ಹೋಯಿತು. 46 ವರ್ಷ! 1955ರಲ್ಲಿ 500 ರೂಪಾಯಿಗೆ 50 ಗ್ರಾಂ ಮೀರಿ ಬಂಗಾರ ಬರುತ್ತಿತ್ತು, 2001ರಲ್ಲಿ ಒಂದು ಗ್ರಾಮಿನ ಸುತ್ತಮುತ್ತ. ಬಂಗಾರದ ಲೆಕ್ಕ ನಮಗ್ಯಾಕೆ ಅನ್ನಬೇಡಿ. ದುಡ್ಡಿನ ಬೆಲೆ ಎಷ್ಟು ಕರಗಿತು ಅಂತ ತೋರಿಸಲು ಹೇಳಿದೆ. ಆ 46 ವರ್ಷದಲ್ಲಿ ಪರಿಸ್ಥಿತಿ ಬದಲಾಯಿತು ಅಂತ ಎಂಥ ವಕೀಲ ವಾದಿಸಿದರೂ 500ರ ಗೋಡೆಗೆ ತಲೆ ಬಡಿಯುತ್ತಿತ್ತು.

ಆ ಕಾಲದಲ್ಲಿ ನಮ್ಮ ಸೀಮೆ ಮಾತ್ರ ಗುರುತು ಸಿಗದಷ್ಟು ಬದಲಾಯಿತು. ಶಹಾಬಾದಿನಲ್ಲಿ ಸಿಮೆಂಟು 1920ರ ದಶಕದಿಂದಲೇ ಇತ್ತು. 1968ರಲ್ಲಿ ವಾಡಿಯ ಎ.ಸಿ.ಸಿ. ಬಂತು, 70ರ ದಶಕದಲ್ಲಿ ಕುರಕುಂಟಾದ ಸರಕಾರಿ ಕಾರ್ಖಾನೆ, 80ರ ದಶಕದಲ್ಲಿ ಮಳಖೇಡ ಮತ್ತು ಸೇಡಮ್ಮಿನ ಕಾರ್ಖಾನೆಗಳು. ತೊಗರಿಯ ಹೊಲದಲ್ಲಿ ಜೀತದಂತೆ ದುಡಿದವರಲ್ಲಿ ಕೆಲವರು ಪಗಾರದ ಆಳುಗಳಾದರು. ಗಂಡಸಿನ ಕೈಯಲ್ಲಿ ಮೊದಲ ಸಲ ಸಂಬಳದ ಚೀಟಿ ಬಂತು. ಪರಿಸ್ಥಿತಿ ಬದಲಾಯಿತು ಅನ್ನೋದಕ್ಕೆ ಅದಕ್ಕಿಂತ ದೊಡ್ಡ ಪುರಾವೆ ಯಾವುದು? ಬಿಟ್ಟುಬಂದ ಹೆಂಡತಿಗೆ ಆ ಚೀಟಿ ಕಾಣಲಿಲ್ಲ. ಮುಂದೆ ಶಹಾಬಾದಿನ, ಕುರಕುಂಟಾದ ಕಾರ್ಖಾನೆಗಳು ಬಾಗಿಲು ಹಾಕಿದವು. ಆಗ ಗಂಡಸರ ಪರಿಸ್ಥಿತಿ ನಿಜವಾಗಿಯೇ ಕೆಟ್ಟಿತು, ಸುಳ್ಳಲ್ಲ. ಕೆಲಸ ಹೋದವನ ಹಸಿವೂ ಹಸಿವೇ. ಆದರೆ ಪಗಾರ ಏರಿದ ವರ್ಷಗಳಲ್ಲಿ ಮಲಗಿದ್ದ 127ನೇ ಕಲಂ, ಕೆಲಸ ಹೋದ ವರ್ಷ ದಡಕ್ಕನೆ ಎದ್ದು ಕೂತದ್ದನ್ನು ಏನನ್ನಬೇಕು?

ಪಗಾರದ ಚೀಟಿ ಇಲ್ಲದವರ ಕತೆ ಬೇರೆ. ಖಣಿಯ ಕೂಲಿಗೆ ಮಸ್ಟರಿನಲ್ಲಿ ಹೆಸರೇ ಇರದಿದ್ದರೆ ಅವನ ಆದಾಯ ತೋರಿಸುವುದು ಹೇಗೆ? ಕೈಕಾಲು ಗಟ್ಟಿಯಿದ್ದವನು ಮೈಮುರಿದು ದುಡಿದಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಅಂತ ಸುಪ್ರೀಂ ಕೋರ್ಟು 2022ರ ಅಂಜು ಗರ್ಗ್ ತೀರ್ಪಿನಲ್ಲಿ ಹೇಳಿದೆ, ಆ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಚಿಂಚೋಳಿಯ ಕಷ್ಟ ಇನ್ನೊಂದು. ರೈಲಿಲ್ಲದ ತಾಲೂಕು, ಗಡಿ ದಾಟಿದರೆ ತಾಂಡೂರು, ಜಹೀರಾಬಾದು. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲೇ ರೈಲು ಹಾಕಿದರು. ಆ ಹಳಿಯ ಮೇಲೆ ಕಲ್ಲು ಹೋಯಿತು, ಕಲ್ಲು ಒಡೆಯುವವನೂ ಹೋದ. ಹೈದರಾಬಾದಿನ ಕಟ್ಟಡದ ಕೆಲಸಕ್ಕೆ ಹೋದವನ ಹಿಂದೆ ಸಮನ್ಸು ಹೋಗಿ "ಸದರಿ ವಿಳಾಸದಲ್ಲಿ ಇಲ್ಲ" ಅಂತ ವಾಪಸು ಬರುತ್ತದೆ. ಹೈಕೋರ್ಟಿನ ತನಕ ಹೋಗಬೇಕಾದವರು 2008ರವರೆಗೆ ಬೆಂಗಳೂರಿಗೇ ಹೋಗಬೇಕಿತ್ತು. ಆ ವರ್ಷ ಗುಲಬರ್ಗಾಕ್ಕೆ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು.

ಈಗಿನ ಸ್ಥಿತಿ. 2024ರ ಜುಲೈ 1ರಿಂದ ಹಳೆಯ ಕೋಡು ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. 125 ಈಗ 144, 127 ಈಗ 146. ನಂಬರು ಬದಲಾಯಿತು, ಮಾತು ಹೆಚ್ಚುಕಡಿಮೆ ಅದೇ. ಹಳೆಯ ಹುಕುಂ ಹಳೆಯದಾಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಊರಲ್ಲಿ ಕಾಗದ ಓದಬಲ್ಲವರು ಮೇಷ್ಟರುಗಳು, ಕಾಲೇಜಿನ ಹುಡುಗ ಹುಡುಗಿಯರು, ಅವರಿಗೇ ಹೇಳುತ್ತಿದ್ದೇನೆ. ಮೊದಲು ಹುಕುಮಿನ ನಕಲು ಹುಡುಕಿಸಿ, ಇಲ್ಲದಿದ್ದರೆ ಕೋರ್ಟಿನಲ್ಲಿ ಅರ್ಜಿ ಹಾಕಿ ತೆಗೆಸಿ. ವಕೀಲರ ಫೀಜಿಗೆ ಹೆದರಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಯಾವುದೇ ಹೆಂಗಸಿಗೆ, ಯಾವುದೇ ಪರಿಶಿಷ್ಟ ಜಾತಿ ಪಂಗಡದವರಿಗೆ ಪುಕ್ಕಟೆ ವಕೀಲರು ಸಿಗಬೇಕು. ತಾಲೂಕು ಕೋರ್ಟಿನಲ್ಲೇ ಅದರ ಸಮಿತಿ ಇರುತ್ತದೆ. ಬಾಕಿ ಉಳಿದಿದ್ದರೆ ವರ್ಷ ದಾಟುವ ಮೊದಲು ವಸೂಲಿ ಅರ್ಜಿ ಹಾಕಬೇಕು, ದಾಟಿದ ಬಾಕಿಗೆ ವಾರಂಟು ಹೊರಡೋದಿಲ್ಲ. 2020ರ ರಜನೀಶ್ ತೀರ್ಪಿನ ಪ್ರಕಾರ ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಹಾಕಬೇಕು. ಅವನ ಪಗಾರ ಅವಳಿಗೆ ಗೊತ್ತಿಲ್ಲ ಅನ್ನೋ ಕತ್ತಲೆ ಇದರಿಂದ ಸ್ವಲ್ಪ ಹರಿಯಬೇಕು.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಒಂದು ಪ್ರಕರಣದಲ್ಲಿ ಮೊತ್ತ ಏರಿಸಿದ್ದಲ್ಲದೆ, ಎರಡು ವರ್ಷಕ್ಕೊಮ್ಮೆ ಅದು ನೂರಕ್ಕೆ ಐದರಂತೆ ತಾನಾಗಿ ಏರಬೇಕು ಅಂತ ಹುಕುಮಿನಲ್ಲೇ ಬರೆಯಿತು. ಅಂಥ ಒಂದು ಸಾಲು 1982ರಲ್ಲಿ ಸಣ್ಣಾಯಿಯ ಹುಕುಮಿನಲ್ಲಿ ಇದ್ದಿದ್ದರೆ ಅಂತ ಕೂತು ಲೆಕ್ಕ ಹಾಕಿದೆ. ಇಪ್ಪತ್ತು ವರ್ಷಕ್ಕೆ 75 ರೂಪಾಯಿ 122 ಆಗುತ್ತಿತ್ತು. ಆ ಸಾಲು ಇದ್ದಿದ್ದರೂ ಅವಳು ಅರ್ಜಿ ಹಾಕಲೇಬೇಕಾಗಿತ್ತು, ಅವನು ಪರ್ಮನೆಂಟ್ ಆದ ವರ್ಷವೇ.